ಪಿಎಚ್.ಡಿ. ಮಾಡಿದರೆ ಕೆಲಸ ಸಿಗುತ್ತದಲ್ಲ, ಟೀಚರ್?

ಸಿಗಬಹುದು, ಸಿಗದೆಯೂ ಇರಬಹುದು. ಇಷ್ಟು ಸಾಕೆನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಕಾಸರಗೋಡಿನಲ್ಲಿ ಕನ್ನಡ ಸಂಶೋಧನೆಗೆ ಗೈಡ್ ಆದಂದಿನಿಂದ ಈ ಪ್ರಶ್ನೆಗೆ ಮದುವೆ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕುಳಿತಾಗಲೂ ಉತ್ತರಿಸಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ವಿವರ ಬೇಕೆನ್ನುವವರು ಕೇಳಿ. 2023ರ ಜುಲೈ 1ರಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಕೇಳುವ ಕನಿಷ್ಠ ಅರ್ಹತೆ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಅಥವಾ ಸೆಟ್ ಎಂಬ ರಾಜ್ಯಮಟ್ಟದ ಪರೀಕ್ಷೆ. ಪಿಎಚ್.ಡಿ. ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ಮೇಲಿನ ಹುದ್ದೆಗಳಿಗೆ ಅದು ಬೇಕು. ಕೇರಳದಲ್ಲಿ ಕನ್ನಡ ಎಂ.ಎ. ಕಲಿಸುವ ಕಡೆಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಧಾರಾಳ. ಇದನ್ನೆಲ್ಲ ಹೇಳಿದೊಡನೆ ಎದುರಿನವರು, “ಹಾಗಾದರೆ ಯಾಕೆ ಮಾಡಿಸುತ್ತೀರಿ?” ಎನ್ನುತ್ತಾರೆ, ಅವರ ಮಗಳನ್ನು ನಾನು ಮನೆಯಿಂದ ಎಳೆದುಕೊಂಡು ಬಂದ ಹಾಗೆ.

ಒಮ್ಮೆ ಮಂಗಳೂರಿನ ರೈಲಿನಲ್ಲಿ ನನ್ನ ಎದುರು ಒಬ್ಬರು ಕುಳಿತಿದ್ದರು. ಪಕ್ಕದಲ್ಲಿ ಮಗಳು, ನಮ್ಮಲ್ಲೇ ಆಗಷ್ಟೇ ನೋಂದಣಿ ಮಾಡಿಸಿಕೊಂಡ ಹುಡುಗಿ. ಕುಂಬಳೆ ದಾಟುವ ಮೊದಲೇ ಶುರುವಾಯಿತು. “ಮೂರು ವರ್ಷದಲ್ಲಿ ಮುಗಿಯುತ್ತದಲ್ಲ ಟೀಚರ್?” ಮೂರು ವರ್ಷ ಕನಿಷ್ಠ ಅವಧಿ, ಆರು ವರ್ಷದವರೆಗೂ ಹೋಗಬಹುದು ಎಂದೆ. ಅವರ ಮುಖ ಸಪ್ಪಗಾಯಿತು. ಉಪ್ಪಳ ಬರುವಷ್ಟರಲ್ಲಿ ನರ್ಸಿಂಗ್ ಓದಿ ವಿದೇಶಕ್ಕೆ ಹೋದ ನೆರೆಮನೆಯ ಹುಡುಗಿಯ ಸಂಬಳ ನನಗೂ ಬಾಯಿಪಾಠವಾಗಿತ್ತು. ಮಂಜೇಶ್ವರದಲ್ಲಿ ರೈಲು ನಿಂತಾಗ ಕಿಟಕಿಯಾಚೆ ಕೈ ತೋರಿಸಿ, “ಗೋವಿಂದ ಪೈಗಳಿಗೆ ಪಿಎಚ್.ಡಿ. ಇತ್ತೇ ಟೀಚರ್?” ಎಂದು ಕೇಳಿದರು.

ಇರಲಿಲ್ಲ. ಬಿ.ಎ. ಕೂಡ ಪೂರ್ತಿಯಾಗಿರಲಿಲ್ಲ. ಆದರೆ ಅವರಿಗೆ ಮನೆ ತುಂಬ ಪುಸ್ತಕಗಳಿದ್ದವು, ಹಲವು ಭಾಷೆಗಳು ಬರುತ್ತಿದ್ದವು, ಒಂದು ಶಾಸನದ ಕಾಲ ನಿರ್ಣಯಕ್ಕೆ ಕುಳಿತರೆ ಏಳಿಸುವವರಿರಲಿಲ್ಲ. ನಿಮ್ಮ ಮಗಳಿಗೆ ಇದರಲ್ಲಿ ಯಾವುದನ್ನು ಕೊಡುತ್ತೀರಿ ಎಂದು ಕೇಳಿಯೇಬಿಟ್ಟೆ. ಉಳ್ಳಾಲದವರೆಗೆ ಅವರು ಮಾತಾಡಲಿಲ್ಲ. ನನಗೂ ಅದರಿಂದ ತೊಂದರೆಯಾಗಲಿಲ್ಲ.

ಅಷ್ಟು ದೂರದ ಮಾತುಕತೆಯಲ್ಲಿ ನನ್ನನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಮೊದಲ ವರ್ಷ ಇವಳಿಗೆ ನೀವು ಏನು ಕಲಿಸುತ್ತೀರಿ?

ಅದಕ್ಕೆ ಉತ್ತರಿಸಲು ನನಗೆ ಬೇಸರವಿಲ್ಲ. ಕಾಗದದ ಮೇಲೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಇದೆ, ಅದರೊಳಗೆ ಸಂಶೋಧನಾ ನೀತಿಯ ಪಾಠವೂ ಇದೆ. ನೀತಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್: ಹೋಲಿಕೆ ಶೇಕಡಾ 10ರ ಒಳಗಿದ್ದರೆ ಪಾರು. ರೈಲಿನ ಆ ಹುಡುಗಿಯ ವಿಷಯ ಪಾಡ್ದನ, ತುಳುವಿನ ಕಥೆ ಹೇಳುವ ಹಾಡು. ಪೈವಳಿಕೆ ಕಡೆಯ ಒಬ್ಬ ಅಜ್ಜಿ ನಾಟಿಯ ಗದ್ದೆಯಲ್ಲಿ ಹಾಡುತ್ತಿದ್ದುದನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದು ನೋಟ್‌ಬುಕ್ಕಿಗೆ ಇಳಿಸಿದ್ದಳು. ಅಕ್ಷರ ದುಂಡಗಿತ್ತು, ಮೇಲೆ ಕೆಂಪು ಶಾಯಿಯಲ್ಲಿ “ಪಾಡ್ದನ 4, ಅಜ್ಜಿ, ಪೈವಳಿಕೆ” ಎಂದಿತ್ತು. ಅಜ್ಜಿಯ ಹೆಸರಿಲ್ಲ. ಯಾರಿಂದ ಕಲಿತರು, ಯಾವ ಗದ್ದೆಯಲ್ಲಿ ಹಾಡಿದರು, ಅಚ್ಚು ಮಾಡಲು ಒಪ್ಪಿದರೇ, ಯಾವುದೂ ಇಲ್ಲ. ತುಳುವಿನ ಪದಗಳ ಕೊನೆಗೆ ಬರುವ ಅರೆ ಉಕಾರವನ್ನು ಒಂದು ಸಾಲಿನಲ್ಲಿ ಒಂದು ಥರ, ಮುಂದಿನ ಸಾಲಿನಲ್ಲಿ ಇನ್ನೊಂದು ಥರ ಬರೆದಿದ್ದಳು. ಈ ನೋಟ್‌ಬುಕ್ಕನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಹೋಲಿಕೆ ಸೊನ್ನೆ ಎನ್ನುತ್ತದೆ. ಅಜ್ಜಿ ಎಲ್ಲಿಯೂ ಬರೆದಿಟ್ಟಿಲ್ಲವಲ್ಲ, ಕದ್ದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ವಾಪಸ್ ಕಳುಹಿಸಿದೆ. ಅಜ್ಜಿ ಅವಳನ್ನು ಕಂಡೊಡನೆ, “ಮೊನ್ನೆ ಹಾಡಿದ್ದನ್ನೆಲ್ಲ ಏನು ಮಾಡಿದೆ ಮಗಳೇ?” ಎಂದರಂತೆ. ಹುಡುಗಿ ಅಲ್ಲಿ ಏನು ಹೇಳಿದಳೋ, ಬರುವಾಗ ನೋಟ್‌ಬುಕ್ಕಿನಲ್ಲಿ ಹೆಸರಿತ್ತು, ಹಾಡು ಕಲಿಸಿದ ಅತ್ತೆಯ ಹೆಸರೂ ಇತ್ತು, ಮುದ್ರಿಸಬಾರದೆಂದು ಅಜ್ಜಿ ಹೇಳಿದ ಒಂದು ಭಾಗಕ್ಕೆ ಗೆರೆ ಹಾಕಲಾಗಿತ್ತು. ಮೊದಲ ವರ್ಷದ ಪಾಠವೆಂದರೆ ನನ್ನ ಲೆಕ್ಕದಲ್ಲಿ ಇದು. ಬೇರೆಯವರ ಲೆಕ್ಕದಲ್ಲಿ ಸೆಮಿನಾರ್ ಪ್ರಮಾಣಪತ್ರಗಳ ಫೈಲು ದಪ್ಪವಾಗುವುದು.

ವೃತ್ತಿಗೆ ಬೇಕಾದದ್ದೂ ಇದೆ. ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ, ಮೌಲ್ಯಮಾಪನದಂಥ ಕೆಲಸ ಕೊಡಲು 2022ರ ಯುಜಿಸಿ ನಿಯಮಾವಳಿಯಲ್ಲಿ ಅವಕಾಶವಿದೆ. ನಾನು ಕೊಡುತ್ತೇನೆ. ಪದವಿ ತರಗತಿಯ ಹಿಂದಿನ ಬೆಂಚಿನವರನ್ನು ಒಂದು ಗಂಟೆ ಹಿಡಿದಿಟ್ಟವರು ಸಂದರ್ಶನ ಸಮಿತಿಗೆ ಹೆದರುವುದಿಲ್ಲ. ದುಡ್ಡು ಕೊಟ್ಟರೆ ವಾರದೊಳಗೆ ಪ್ರಬಂಧ ಅಚ್ಚು ಹಾಕಿಸುತ್ತೇವೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬೆನ್ನು ಬೀಳುವವರಿಗೆ ಇಲ್ಲ ಎನ್ನಲೂ ಕಲಿಸುತ್ತೇನೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದ್ದರೂ ಆ ವ್ಯಾಪಾರ ನಿಂತಿಲ್ಲ.

ಹಣದ ಮಾತು ಬಿಡುವಂತಿಲ್ಲ. ಜೆಆರ್‌ಎಫ್ ಎಂಬ, ನೆಟ್ ಮೂಲಕ ಸಿಗುವ ಸಂಶೋಧನಾ ವೇತನ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಸಿಗದವರು ಬೆಳಿಗ್ಗೆ ಖಾಸಗಿಯಾಗಿ ಪಾಠ ಹೇಳುವ ಪ್ಯಾರಲಲ್ ಕಾಲೇಜಿನಲ್ಲಿ ಪಾಠ ಮಾಡಿ ಮಧ್ಯಾಹ್ನ ಗ್ರಂಥಾಲಯಕ್ಕೆ ಬರುತ್ತಾರೆ. ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ಈ ಮಕ್ಕಳು ಈಗಾಗಲೇ ಕೆಲಸ ಮಾಡುತ್ತಿರುವುದು ಕಾಣುವುದಿಲ್ಲ.

ರೈಲಿನಲ್ಲಿ ಸಿಕ್ಕ ಅಪ್ಪ ಇತ್ತೀಚೆಗೆ ಫೋನ್ ಮಾಡಿದ್ದರು. ನೆಟ್ ಅರ್ಜಿಯ ಕೊನೆಯ ದಿನಾಂಕ ಬೇಕಿತ್ತಂತೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ, ಜೆಆರ್‌ಎಫ್‌ಗೆ ವಯಸ್ಸಿನ ಮಿತಿಯೂ ಇದೆ, ಎರಡೂ ಸಲ ಬರೆಯಲಿ ಎಂದೆ. ಶುಲ್ಕ ಕಟ್ಟುತ್ತೇನೆ ಎಂದರು. ಮಾತಿನ ನಡುವೆ ಅಜ್ಜಿಯ ಹೆಸರು ಹೇಳಿ, ಅವರು ತಮ್ಮ ತಾಯಿಯ ಕಡೆಯಿಂದ ಸಂಬಂಧಿಕರಾಗಬೇಕು ಎಂದೂ ಸೇರಿಸಿದರು. ಹಾಗಾದರೆ ಆ ವಂಶಾವಳಿಯನ್ನು ಬರೆದು ಮಗಳ ಕೈಯಲ್ಲಿ ಕೊಟ್ಟು ಕಳುಹಿಸಿ, ಎರಡನೆಯ ಅಧ್ಯಾಯಕ್ಕೆ ಬೇಕಾಗುತ್ತದೆ ಎಂದೆ.