ಜಿಆರ್‌ಬಿ 170817ಎ: ದೂರದ ಗ್ರಾಫ್ ಕೊನೆಗೂ ಸರಿಹೋಯಿತು

ದೂರದ ಗ್ರಾಫಿನಲ್ಲಿ ಹತ್ತಿರದ ಕಡೆಗೆ ಚಾಚಿದ್ದ ಆ ಹಾಳು ಬಾಲ ಕೊನೆಗೂ ಮೊಟಕಾಯಿತು! 2017ರ ಆಗಸ್ಟ್ 17ರ ಗಾಮಾ ಸ್ಫೋಟ ಎಷ್ಟು ದೂರದ್ದು ಅಂತ ಗ್ಯಾಲಕ್ಸಿಯ ಕೆಂಪುಪಲ್ಲಟ (ದೂರ ಸರಿಯುವ ಗ್ಯಾಲಕ್ಸಿಯ ಬೆಳಕು ಕೆಂಪಿಗೆ ಜಾರುವುದು) ಮುಟ್ಟದೆ, ಅದರ ಜೊತೆ ಬಂದ ಗುರುತ್ವ ಅಲೆಯಿಂದಲೇ ಲೆಕ್ಕ ಹಾಕಬೇಕು ಎಂಬುದು ನನ್ನ ಹಟ. ಡೇಟಾ ಇಳಿಸಿಕೊಳ್ಳುವುದು, ಫಿಲ್ಟರ್ ಹಾಕುವುದು ನಿಮಗೆಲ್ಲ ಗೊತ್ತೇ ಇದೆ. ಒಂದೇ ಮಾತು: ಅಮೆರಿಕದ ಲೈಗೋ ಡಿಟೆಕ್ಟರ್‌ಗಳಲ್ಲಿ ಒಂದಾದ ಲಿವಿಂಗ್‌ಸ್ಟನ್‌ನ ಡೇಟಾದಲ್ಲಿ ಎರಡು ನ್ಯೂಟ್ರಾನ್ ತಾರೆಗಳು ಒಂದಾಗುವ 1.1 ಸೆಕೆಂಡ್ ಮುಂಚೆ ದೊಡ್ಡ ಗ್ಲಿಚ್ (ಉಪಕರಣದ ಗದ್ದಲ) ಇದೆ. ಅದನ್ನು ತೆಗೆದುಹಾಕಿದ ಫೈಲನ್ನೇ ಬಳಸಿ.

ಕಾಡಿದ್ದು ಕಕ್ಷೆಯ ಓರೆ. ಈ ತಾರೆಗಳ ಕಕ್ಷೆ ನಮಗೆ ನೇರ ಮುಖ ಮಾಡಿದ್ದರೆ ಗುರುತ್ವ ಅಲೆ ಜೋರು, ಓರೆಯಾದರೆ ಮಂದ. ಹಾಗಾಗಿ ದೂರದ ನೇರ ಜೋಡಿಯೂ ಹತ್ತಿರದ ಓರೆ ಜೋಡಿಯೂ ಒಂದೇ ಥರ ಕಾಣುತ್ತವೆ. ಅಲೆಯ ಕಂಪನದ ಎರಡು ಬಗೆಗಳಾದ ಪ್ಲಸ್, ಕ್ರಾಸ್ ಎರಡನ್ನೂ ಬೇರ್ಪಡಿಸಿದರೆ ಆಯ್ತು, ಅಲ್ವಾ? ಪ್ಲಸ್‌ನ ಜೋರಿಗೆ ಓರೆ ಕೋನದ ಕಾಸ್ (ಕೊಸೈನ್) ವರ್ಗಕ್ಕೆ ಒಂದು ಕೂಡಿಸಿ ಅರ್ಧ ಮಾಡಬೇಕು. ಕ್ರಾಸ್‌ಗೆ ಬರೀ ಕಾಸ್. 20 ಡಿಗ್ರಿಗೆ ಎರಡೂ 0.94! 40 ಡಿಗ್ರಿಗೆ 0.79 ಮತ್ತು 0.77. ಅಷ್ಟು ಗದ್ದಲದಲ್ಲಿ ಈ ಚೂರು ವ್ಯತ್ಯಾಸ ಎಲ್ಲಿ ಕಾಣಬೇಕು? ಅಲೆ ಬಂದ ದಿಕ್ಕಿಗೆ ಇಟಲಿಯ ವರ್ಗೋ ಡಿಟೆಕ್ಟರ್ ಹೆಚ್ಚುಕಮ್ಮಿ ಕುರುಡು, ಅದರಿಂದಲೂ ಜಾಸ್ತಿ ನೆರವಿಲ್ಲ. ಲೈಗೋ–ವರ್ಗೋ ತಂಡವೇ ಮೊದಲು ಕೊಟ್ಟದ್ದು 40 ಮೆಗಾಪಾರ್ಸೆಕ್ (ಒಂದು ಅಂದರೆ ಸುಮಾರು 33 ಲಕ್ಷ ಜ್ಯೋತಿರ್ವರ್ಷ), ಮೇಲಕ್ಕೆ 8, ಕೆಳಕ್ಕೆ 14.

ಗಾಮಾ ಹೊಳಪನ್ನು ನಂಬುವಂತಿಲ್ಲ. ತಾರೆಗಳು ಒಂದಾಗಿ 1.7 ಸೆಕೆಂಡ್ ತಡವಾಗಿ ಫರ್ಮಿ ಉಪಗ್ರಹಕ್ಕೆ ಕಂಡ ಮಿಂಚು ಇಷ್ಟು ಹತ್ತಿರವಿದ್ದೂ ಮಂಕಾಗಿತ್ತು. ಸ್ಫೋಟದಿಂದ ಚಿಮ್ಮಿದ ಜೆಟ್ ನಮ್ಮತ್ತ ನೇರ ತಿರುಗಿರಲಿಲ್ಲ.

ದಾರಿ ತೋರಿಸಿದ್ದು ರೇಡಿಯೋ. ಸ್ಫೋಟವಾಗಿ 75ನೇ ದಿನದಿಂದ 230ನೇ ದಿನದೊಳಗೆ ಜೆಟ್‌ನ ಚುಕ್ಕೆ ಬೆಳಕಿನ ನಾಲ್ಕು ಪಟ್ಟು ವೇಗದಲ್ಲಿ ಸರಿದಂತೆ ಕಂಡಿತ್ತು (ಜೆಟ್ ಹೆಚ್ಚುಕಮ್ಮಿ ನಮ್ಮತ್ತಲೇ ನುಗ್ಗುವುದರಿಂದ ಆಗುವ ಕಣ್ಣಿನ ಮೋಸ). ಅಂದರೆ ಓರೆ ಸುಮಾರು 20 ಡಿಗ್ರಿ. ಆ ವೇಗದ ಲೆಕ್ಕದೊಳಗೂ ದೂರ ಕೂತಿದೆ. ಅದಕ್ಕೇ ಕೋನವನ್ನು ಸುಮ್ನೆ ತುರುಕದೆ, ಕೋನ, ದೂರ ಎರಡನ್ನೂ ಒಟ್ಟಿಗೆ ಫಿಟ್ ಮಾಡಿದೆ. ಹತ್ತಿರದ ಕಡೆಗಿದ್ದ ಬಾಲ ಕರಗಿತು, ಶಿಖರ 40 ಮೆಗಾಪಾರ್ಸೆಕ್ ಆಸುಪಾಸಿನಲ್ಲಿ ನಿಂತಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ. ಸ್ಫೋಟ ನಡೆದ ಗ್ಯಾಲಕ್ಸಿ ಎನ್‌ಜಿಸಿ 4993 ಇರುವುದೂ ಅಲ್ಲೇ! ಕುಣಿಯುವಷ್ಟು ಖುಷಿಯಾಯಿತು.

ಮುಂದಿನದು ವಿಎಲ್‌ಎಫ್ (ತುಂಬಾ ಕಡಿಮೆ ಆವರ್ತನದ ರೇಡಿಯೋ) ಲೂಪ್ ಆಂಟೆನಾ. 2022ರ ಅಕ್ಟೋಬರ್ 9ರ ಗಾಮಾ ಸ್ಫೋಟ ನಮ್ಮ ಅಯಾನುಗೋಳವನ್ನೇ (ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ವಾತಾವರಣದ ಮೇಲ್ಪದರ) ಅಲುಗಿಸಿತ್ತು. ತಿರುನೆಲ್ವೇಲಿ ಕಡೆಯ ನೌಕಾಪಡೆ ಸ್ಟೇಷನ್ನಿನ 18.2 ಕಿಲೋಹರ್ಟ್ಸ್ ಸಿಗ್ನಲ್ ಮೇಲೆ ಕಣ್ಣಿಟ್ಟರೆ, ಮುಂದೆ ಅಂಥದ್ದು ಬಂದಾಗ ಮನೆಯಲ್ಲೇ ಹಿಡಿಯಬಹುದು. ಆದರೆ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರಿಂದ ಆಂಟೆನಾಗೆಂದು ತಂದ ವೈಂಡಿಂಗ್ ವೈರ್‌ನ ಎನಾಮೆಲ್ ಉಗುರು ತಾಗಿದರೆ ಉದುರುತ್ತದೆ, ವಾಪಸ್ ಕೊಡಲು ಹೋದರೆ ‘ಕಟ್ ಮಾಡಿದ್ದು ತಗೊಳಲ್ಲ’ ಅಂತಾರೆ. ಒಳ್ಳೆ 26 ಗೇಜ್ ವೈರ್ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.