ಅಪ್ಪ-ಅಮ್ಮನ ಖರ್ಚಿನ ಲೆಕ್ಕ: ನಾಲ್ಕನೇ ತಿಂಗಳು

"ಬೆಲೆ ಏರಿಕೆ ಕಡಿಮೆಯಾಗಿದೆ ಅಂತ ಸುದ್ದಿಯಲ್ಲಿ ಹೇಳ್ತಾರಲ್ಲ, ನಮ್ಮ ಕೈಯಲ್ಲಿ ಮಾತ್ರ ಯಾಕೆ ದುಡ್ಡು ನಿಲ್ತಿಲ್ಲ?" ಅಪ್ಪ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಬ್ಬರಿಗೇ ಅಂತ ಒಂದು ಬೆಲೆ ಸೂಚ್ಯಂಕ, ಅಂದರೆ ಬೆಲೆ ಒಟ್ಟಾರೆ ಎಷ್ಟು ಏರಿತು ಅಂತ ತೋರಿಸುವ ಸಂಖ್ಯೆ, ಮಾಡೋಣ ಎಂದು ಅವತ್ತೇ ಸ್ಪ್ರೆಡ್‌ಶೀಟ್ ತೆರೆದೆ.

ಮೊದಲ ತಿಂಗಳು ರಶೀದಿ ಕೂಡಿಡುವುದರಲ್ಲೇ ಹೋಯಿತು.

ಎರಡನೇ ತಿಂಗಳು ತೂಕದ ಲೆಕ್ಕ. ಒಟ್ಟು ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನುವುದೇ ತೂಕ. ಔಷಧಿ ಬೆಲೆ ಶೇ. 10 ಏರಿತು ಅಂದುಕೊಳ್ಳಿ. ಅದರ ಪಾಲು ಶೇ. 5 ಇರುವ ಮನೆಯಲ್ಲಿ ಒಟ್ಟು ಖರ್ಚು ಶೇ. 0.5 ಏರುತ್ತದೆ, ಶೇ. 20 ಇರುವ ಮನೆಯಲ್ಲಿ ಶೇ. 2. ಸುದ್ದಿಯಲ್ಲಿ ಹೇಳುವ ಎಲ್ಲರ ಸರಾಸರಿಯಲ್ಲಿ ಮಕ್ಕಳ ಸ್ಕೂಲ್ ಫೀಸೂ ಸೇರಿರುತ್ತದೆ. ಇವರಿಗೆ ಅದು ಯಾಕೆ? ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 62 ವರ್ಷ ಮತ್ತು ಮೇಲ್ಪಟ್ಟವರಿಗಾಗಿ ಸಿಪಿಐ-ಇ ಎಂಬ ಪ್ರಾಯೋಗಿಕ ಸೂಚ್ಯಂಕ ಲೆಕ್ಕ ಹಾಕುತ್ತದೆ. ಅದರಲ್ಲಿ ಬದಲಾಗುವುದು ತೂಕ ಮಾತ್ರ. ಬೆಲೆಗಳನ್ನು ಎಲ್ಲರಿಗೂ ಅಂತ ಆರಿಸಿದ ಅಂಗಡಿಗಳಿಂದಲೇ ತೆಗೆದುಕೊಳ್ಳುತ್ತಾರೆ. ದೂರ ಹೋಗಲಾಗದೆ ಹತ್ತಿರದಲ್ಲೇ ಜಾಸ್ತಿ ಕೊಟ್ಟು ಕೊಳ್ಳುವವರ ಬೆಲೆಯೇ ಬೇರೆ, ಅಲ್ವಾ? ಅದಕ್ಕೇ ನಾನು ಇವರ ರಶೀದಿಯ ಬೆಲೆಯನ್ನೇ ಹಾಕುತ್ತಿದ್ದೇನೆ.

ಮೂರನೇ ತಿಂಗಳು ಒಟ್ಟು ಖರ್ಚು ಇಳಿಯಿತು. ಖುಷಿಯಾಯಿತು. ಆಮೇಲೆ ಔಷಧಿ ಬಿಲ್ಲು ನೋಡಿದೆ. ಅಮ್ಮನ ಬಿಪಿ ಮಾತ್ರೆ ತಿಂಗಳಿಗೆ 15ರ ಎರಡು ಸ್ಟ್ರಿಪ್ ಬೇಕು, ತಂದಿದ್ದು ಒಂದೇ. ಡಬ್ಬಿ ತೆಗೆದೆ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಸಣ್ಣದಾಗಿ 'ಸೋಮ, ಬುಧ, ಶುಕ್ರ' ಅಂತ ಬರೆದಿತ್ತು. "ದಿನಾ ಬೇಡ ಅನ್ನಿಸ್ತು ಕಣೋ, ಸುಮ್ನೆ ಯಾಕೆ ಖರ್ಚು," ಅಂದರು ಅಮ್ಮ. ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ದಿನಾ ತೆಗೆದುಕೊಳ್ಳುತ್ತಿದ್ದಾರೆ.

ನಾನು ಅಳೆಯುತ್ತಿದ್ದದ್ದು ಅವರು ಮಾಡಿದ ಖರ್ಚನ್ನು. ಅಳೆಯಬೇಕಿದ್ದದ್ದು ನೆಟ್ಟಗೆ ಬದುಕಲು ಎಷ್ಟು ಬೇಕು ಅನ್ನುವುದನ್ನು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬಾಸ್ಟನ್ ಕ್ಯಾಂಪಸ್ ಹಿರಿಯರಿಗಾಗಿ ರೂಪಿಸಿದ ಎಲ್ಡರ್ ಇಂಡೆಕ್ಸ್ ಶುರುವಾಗುವುದೇ ಅಲ್ಲಿಂದ. ಒಬ್ಬರೋ ಇಬ್ಬರೋ, ಸ್ವಂತ ಮನೆಯೋ ಬಾಡಿಗೆಯೋ, ಸಾಲ ಇದೆಯೋ, ಆರೋಗ್ಯ ಹೇಗಿದೆ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ.

ಹಾಗಾಗಿ 'ಬೇಕಿತ್ತು, ಕೊಳ್ಳಲಿಲ್ಲ' ಅಂತ ಹೊಸ ಕಾಲಂ ಸೇರಿಸಿದೆ. ಇದು ಯಾವ ರಶೀದಿಯಲ್ಲೂ ಸಿಗುವುದಿಲ್ಲ. ಪಕ್ಕದಲ್ಲಿ ಕೂತು ಕೇಳಬೇಕು, ಎರಡನೇ ಸಲವೂ ಕೇಳಬೇಕು. ಅಪ್ಪನ ಕನ್ನಡಕದ ನಂಬರ್ ಬದಲಾಗಿ ವರ್ಷವಾಗಿದೆ ಅಂತ ಗೊತ್ತಾದದ್ದು ಹಾಗೇ. ಈಗ ಆ ಕಾಲಂನಲ್ಲಿ ಆರು ಸಾಲು ಇವೆ.

ಈ ವಾರ ಒಬ್ಬರೇ ಇದ್ದರೆ ಎಷ್ಟು ಬೇಕು ಅನ್ನುವ ಲೆಕ್ಕಕ್ಕೆ ಕೈ ಹಾಕಿದ್ದೇನೆ. ಖರ್ಚು ಅರ್ಧ ಆಗುವುದಿಲ್ಲ. ಬಾಡಿಗೆ ಅಷ್ಟೇ ಇರುತ್ತದೆ, ದೀಪವೂ ಅಷ್ಟೇ ಉರಿಯುತ್ತದೆ. ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ ಬಳಸುವ ವರ್ಗಮೂಲದ ಲೆಕ್ಕದಲ್ಲಿ (ಮನೆಯ ಜನರ ಸಂಖ್ಯೆಯ ವರ್ಗಮೂಲದಷ್ಟೇ ಖರ್ಚು ಏರುತ್ತದೆ ಅನ್ನುವ ಲೆಕ್ಕ) ಇಬ್ಬರಿಗೆ ಬೇಕಾದುದರ ಸುಮಾರು ಶೇ. 71 ಒಬ್ಬರಿಗೇ ಬೇಕು. ಹಾಳೆಗೆ ಯಾರ ಹೆಸರನ್ನೂ ಇಟ್ಟಿಲ್ಲ. 'ಒಬ್ಬರು' ಅಂತಷ್ಟೇ ಬರೆದಿದ್ದೇನೆ.