ಬದನೆ ಹೂವಿಗೆ ಯಾವ ಜೇನು?

ಕ್ಯಾಟಲಾಗ್ ಪ್ರಿಂಟಿಗೆ ಹೋಗುವ ಹಿಂದಿನ ದಿನ ಆರ್ಟ್ ಡೈರೆಕ್ಟರ್ ಫೋನ್ ಮಾಡಿದರು. "ಕವರ್ ಇಮೇಜ್ ಕ್ಲೈಂಟ್‌ಗೆ ಹಿಡಿಸಿಲ್ಲ. ಅದು ಜೇನು ಥರ ಕಾಣಿಸ್ತಿಲ್ವಂತೆ. ಸ್ಟಾಕ್‌ನಿಂದ ಒಂದು ಜೇನುನೊಣದ ಫೋಟೊ ತಗೊಂಡು ನಿಮ್ಮ ಫೋಟೊಗೆ ಅಂಟಿಸಿ ಕೊಡಿ, ಸಂಜೆಯೊಳಗೆ." ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅದು ಬೀಜದ ಕ್ಯಾಟಲಾಗ್. ಬ್ರೀಫ್‌ನಲ್ಲಿ ಇದ್ದದ್ದು ಇಷ್ಟೇ: ಬದನೆ ಹೂವು, ಮೇಲೊಂದು ಜೇನು. ನಾನು ತೆಗೆದು ಕೊಟ್ಟದ್ದು ನೀಲಿ ಪಟ್ಟಿಯ ಜೇನಿನ ಫೋಟೊ. ಎದೆಯ ಮೇಲೆ ಕಂದು ರೋಮ, ಕಪ್ಪು ಹೊಟ್ಟೆಗೆ ಅಡ್ಡಡ್ಡ ಹೊಳೆಯುವ ನೀಲಿ ಪಟ್ಟಿ. ಇದು ತುಪ್ಪ ಕೂಡಿಡುವ ಜಾತಿಯಲ್ಲ, ಒಂಟಿ ಜೇನು. ಆದರೆ ಬದನೆ ಹೂವನ್ನು ಪಳಗಿಸುವುದು ಇದಕ್ಕೆ ಚೆನ್ನಾಗಿ ಗೊತ್ತು.

ಹೂವಿನ ನಡುವೆ ನಿಂತಿರುವ ಹಳದಿ ಪರಾಗಕೋಶಗಳನ್ನು ಲೆನ್ಸ್‌ನಲ್ಲಿ ನೋಡಿ. ಹೆಚ್ಚಿನ ಹೂಗಳಲ್ಲಿ ಅವು ಉದ್ದಕ್ಕೂ ಸೀಳಿ ಬಿಚ್ಚಿಕೊಳ್ಳುತ್ತವೆ. ಇಲ್ಲಿ ತುದಿಯಲ್ಲೊಂದು ಸಣ್ಣ ತೂತು, ಅಷ್ಟೇ. ಪರಾಗ ಒಳಗೇ ಕೂತಿರುತ್ತದೆ. ಮಕರಂದವೂ ಇಲ್ಲ. ನೀಲಿ ಪಟ್ಟಿಯ ಜೇನು ಬಂದು ಆ ಹಳದಿ ಗೊಂಚಲನ್ನು ಕಾಲುಗಳಿಂದ ತಬ್ಬಿಕೊಳ್ಳುತ್ತದೆ. ರೆಕ್ಕೆ ಮಡಚಿ, ಹಾರಾಟದ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಗುಂಯ್ ಎನ್ನುತ್ತಿದ್ದ ಸದ್ದು ಥಟ್ಟನೆ ಮೇಲಕ್ಕೇರುತ್ತದೆ. ತೂತಿನಿಂದ ಪರಾಗ ಚಿಮ್ಮಿ ಅದರ ಹೊಟ್ಟೆಗೆ ಮೆತ್ತುತ್ತದೆ. ಗಾಳಿಗೆ ಹೂವು ಅಲುಗಿದರೂ ಒಂದಿಷ್ಟು ಉದುರುತ್ತದೆ, ನಿಜ. ಆದರೆ ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣಕ್ಕೆ ಹೀಗೆ ಅದುರಿಸಲು ಬರುವುದೇ ಇಲ್ಲ.

ಇದಕ್ಕೂ ಮೊದಲು ಇನ್ನೊಂದು ಬೇಡಿಕೆ ಬಂದಿತ್ತು: ಹೂವು, ಹುಳ ಎರಡೂ ಪೂರ್ತಿ ಶಾರ್ಪ್ ಬೇಕು, ಸ್ಟ್ಯಾಕ್ ಮಾಡಿ, ಅಂದರೆ ಬೇರೆ ಬೇರೆ ಕಡೆ ಫೋಕಸ್ ಮಾಡಿದ ಹಲವು ಫ್ರೇಮ್ ಸೇರಿಸಿ ಒಂದು ಮಾಡಿ. ಅದುರುತ್ತಿರುವ ಹುಳವನ್ನು ಹೇಗೆ ಸ್ಟ್ಯಾಕ್ ಮಾಡುವುದು? 1:1ರಲ್ಲಿ, ಅಂದರೆ ಹುಳ ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರದಲ್ಲಿ, ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಶಾರ್ಪ್ ಆಗಿ ಬರುವ ಆಳ ಒಂದು ಮಿಲಿಮೀಟರ್ ಚಿಲ್ಲರೆ. ಅಷ್ಟು ಹತ್ತಿರದಲ್ಲಿ ಅದು ಇನ್ನೂ ಕಿರಿದಾದ ಎಫ್ 22ರ ಹಾಗೆ ವರ್ತಿಸುತ್ತದೆ. ಕಿಂಡಿ ಇನ್ನೂ ಮುಚ್ಚಿದರೆ ಚಿತ್ರವೇ ಮಸುಕಾಗುತ್ತದೆ. ಹಾಗಾಗಿ ಫೋಕಸ್ ಲಾಕ್ ಮಾಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಾ, ಕಣ್ಣು ಶಾರ್ಪ್ ಆದ ಕ್ಷಣಕ್ಕೆ ಒತ್ತಬೇಕು. ಫ್ಲ್ಯಾಶ್ ಕಡಿಮೆ ಪವರ್‌ನಲ್ಲಿ, ಬೆಳಕನ್ನು ಮೆದುಗೊಳಿಸುವ ಡಿಫ್ಯೂಸರ್ ಹಾಕಿ. ನಮ್ಮ ನೆರಳು ಹೂವಿನ ಮೇಲೆ ಬಿತ್ತೋ, ಜೇನು ಹೋಯಿತು. ಇಷ್ಟು ಪಟ್ಟು ಹಿಡಿದು ತೆಗೆದ ಫ್ರೇಮಿನಿಂದ ಆ ಹುಳವನ್ನೇ ಅಳಿಸಬೇಕಂತೆ.

ಆಗಲ್ಲ ಅಂದೆ. ಎಲ್ಲರನ್ನೂ ಒಂದೇ ಫೋನ್ ಕಾಲ್‌ಗೆ ಸೇರಿಸಿದರು. ಕ್ಲೈಂಟ್ ಕಡೆಯ ಮಾರ್ಕೆಟಿಂಗ್‌ನವರು, "ಓದೋರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?" ಎಂದರು. ಓದುವವರು ಬದನೆ ಬೆಳೆಯುವವರು, ದಿನಾ ಹೊಲದಲ್ಲಿ ಇದನ್ನೇ ನೋಡುವವರು, ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು ಅಂತ ಕೇಳಿದೆ. ಲೈನ್‌ನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಆರ್ಟ್ ಡೈರೆಕ್ಟರ್ ಚಾಟ್‌ನಲ್ಲಿ "ಸಾಕು ಬಿಡಿ" ಎಂದು ಬರೆದರು. ನನ್ನ ಕೈ ಬೆವರುತ್ತಿತ್ತು. ಶೂಟ್ ದಿನ ಮೊಬೈಲ್‌ನಲ್ಲಿ ತೆಗೆದ ಕ್ಲಿಪ್ ಇತ್ತು, ಅದನ್ನೇ ಪ್ಲೇ ಮಾಡಿದೆ. ಗುಂಯ್, ಆಮೇಲೆ ಆ ಚೂಪು ಸದ್ದು. ಅಲ್ಲಿಯವರೆಗೆ ಸುಮ್ಮನಿದ್ದ ಅವರ ಬ್ರೀಡಿಂಗ್ ವಿಭಾಗದವರೊಬ್ಬರು ಬಾಯಿ ಬಿಟ್ಟರು: "ಅವರು ಹೇಳ್ತಿರೋದು ಸರಿ. ಟೊಮೇಟೊ ಪರಾಗ ತೆಗೆಯೋಕೆ ನಾವೂ ವೈಬ್ರೇಟರ್ ಹಿಡೀತೀವಿ. ಆ ಜೇನು ಮಾಡೋದೂ ಅದನ್ನೇ."

ಫೋಟೊ ಉಳಿಯಿತು. ಕವರ್ ಮಾತ್ರ ಕೈತಪ್ಪಿ ಒಳಪುಟಕ್ಕೆ ಹೋಯಿತು, ಕವರ್‌ಗೆ ಬದನೆಕಾಯಿ ಬಂತು. ಬೇಜಾರಾಯಿತು. ಬೀಜ ಮಾರುವ ಪುಸ್ತಕದಲ್ಲಿ ಕಾಯಿ ಕಟ್ಟಲು ನೆರವಾಗುವ ಹುಳಕ್ಕೆ ಮೊದಲ ಪುಟದ ಜಾಗ ಸಿಗಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಈಗ ಶಾಟ್ ಲಿಸ್ಟ್‌ನಲ್ಲಿ ಬರೀ "ಜೇನು" ಎಂದಿದ್ದರೆ ವಾಪಸ್ ಕಳಿಸುತ್ತೇನೆ. ಯಾವ ಹೂವು, ಅದಕ್ಕೆ ಬರುವ ಹುಳ ಯಾವುದು, ಎರಡನ್ನೂ ಬರೆಸಿಕೊಳ್ಳುತ್ತೇನೆ. ಆರಿಸಿದ ಫೋಟೊಗಳ ಜೊತೆ ಕ್ಲಿಪ್ ಕಡ್ಡಾಯ. ಅಪ್ರೂವ್ ಮಾಡುವವರು ಒಮ್ಮೆಯಾದರೂ ಶೂಟಿಗೆ ಬರಲಿ ಎಂದು ಕೇಳುತ್ತಲೇ ಇದ್ದೇನೆ, ಯಾರೂ ಬಂದಿಲ್ಲ. ಮುಂದಿನ ಕೆಲಸ ಕುಂಬಳ ಹೂವು. ಅಲ್ಲಿಗೆ ಜೇನುನೊಣ ಧಾರಾಳವಾಗಿ ಬರುತ್ತದೆ, ಆ ಜಗಳ ಇಲ್ಲ. ಆದರೆ ಶೆಡ್ಯೂಲ್‌ನಲ್ಲಿ ಶೂಟಿಗೆ ಸೇರುವ ಹೊತ್ತು ಬೆಳಗ್ಗೆ 11 ಅಂತ ಹಾಕಿದ್ದಾರೆ. ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುವ ಹೂವದು. 6ಕ್ಕೆ ಬದಲಾಯಿಸಿ ಎಂದು ಮೇಲ್ ಹಾಕಿದ್ದೇನೆ.